ಲೈನಿಂಗ್ ಬಟ್ಟೆ

ಗುತ್ತಲು ರಸ್ತೆಯ ನಮ್ಮ ಬೀದಿಗೆ
ಹೊಂಗೆಮರ ಒಂದೇ ಒಂದು.
ಅದು ಹೂ ಬಿಟ್ಟ ವಾರ
ಯಾರ ಅಂಗಳವೂ ಅವರವರದಲ್ಲ.
ಗುಡಿಸಿ ಸೊಂಟ ನೆಟ್ಟಗೆ ಮಾಡುವಷ್ಟರಲ್ಲಿ
ಮತ್ತೆ ಅಷ್ಟೇ ಬಿದ್ದಿರುತ್ತದೆ, ಭತ್ತದ ಅರಳಿನ ಹಾಗೆ.
ರಂಗೋಲಿ ಬಿಟ್ಟಿದ್ದೇನೆ. ಮರವೇ ಹಾಕಿಕೊಳ್ಳಲಿ.

ನಾಯಿಯ ಹೆಸರು ಡಿಪೋ.
ಬಸ್ಸಿನಡಿ ಗ್ರೀಸು ಮೆತ್ತಿಕೊಂಡು ಮಲಗಿದ್ದ ಮರಿಯನ್ನು
ಬ್ಯಾಗಿನಲ್ಲಿಟ್ಟುಕೊಂಡು ಬಂದಿದ್ದರು ನಮ್ಮವರು,
ಊಟದ ಡಬ್ಬಿ ಅಲ್ಲೇ ಮರೆತು.
ಈಗ ಅದಕ್ಕೆ ಒಂಬತ್ತು ವರ್ಷ.
ಮರದ ಕೆಳಗೆ ಮಲಗಿ ಎದ್ದರೆ ಬೆನ್ನ ತುಂಬ ಹೂವು,
ಗಂಡಿನ ಕಡೆಯ ಬೀಗರ ಗತ್ತು.
ಕೊಡವಿಕೊಳ್ಳುವುದು ಮಾತ್ರ ಒಳಗೆ ಬಂದ ಮೇಲೆ,
ನಾನು ನೆಲ ಒರೆಸಿದ ಮೇಲೆ.

ಬೆಕ್ಕು ನಮ್ಮದಲ್ಲ ಎಂದು ನಾವು ಹೇಳುತ್ತೇವೆ.
ಬೆಕ್ಕು ಆ ಬಗ್ಗೆ ಏನೂ ಹೇಳುವುದಿಲ್ಲ.
ಮೊನ್ನೆ ರಾತ್ರಿ ಕರೆಂಟು ಹೋಗಿದ್ದಾಗ
ಹೊಲಿಗೆ ಮಿಷನ್ನಿನ ಪಕ್ಕದ ಬುಟ್ಟಿಯಲ್ಲಿ,
ಚೀಟಿ ಬರೆದು ಮಡಿಸಿಟ್ಟ ಬಟ್ಟೆಗಳ ಮೇಲೆ
ಮೂರು ಮರಿ ಹಾಕಿದೆ.
ಅಲ್ಲ, ನಾಲ್ಕು.
ನಾಲ್ಕನೆಯದು ಲೈನಿಂಗಿನ ಮಡಿಕೆಯೊಳಗಿತ್ತು,
ಬೆಳಗ್ಗೆ ಅತ್ತೆ ಕಂಡುಹಿಡಿದರು.
ಗಿಳಿಹಸಿರು ಲೈನಿಂಗು. ಪುಷ್ಪಲತಾ ಟೀಚರದು.
ಭಾನುವಾರ ಕೊಡುತ್ತೇನೆಂದು ಬಾಯಿ ತುಂಬ ಹೇಳಿದ್ದೆ.

"ಬಾಣಂತೀನ ಏಳಿಸ್ಬ್ಯಾಡ ಕಣವ್ವ" ಅಂದರು ಅತ್ತೆ.
ನನ್ನ ಬಾಣಂತನದಲ್ಲಿ
ಈ ಮಾತು ಕೇಳಿದ ನೆನಪಿಲ್ಲ ನನಗೆ.

ಭಾನುವಾರ.
ಹುರುಳಿಕಾಳು ಬೆಂದು ಕಟ್ಟು ಬಸಿದಾಗಿದೆ.
ಒಲೆಯ ಉರಿಗೆ ಸಿಪ್ಪೆ ಸಮೇತ ಈರುಳ್ಳಿ ಒಡ್ಡಿ
ನಮ್ಮವರು ಇಕ್ಕಳದಲ್ಲಿ ತಿರುಗಿಸುತ್ತಿದ್ದಾರೆ,
ಸ್ಪ್ಯಾನರಿನಷ್ಟೇ ಗಂಭೀರವಾಗಿ.
ಕಾಂಪೌಂಡಿನ ಮೇಲಿಂದ ಜಬೀನಾ ಕೊಟ್ಟದ್ದು
ಗಾಳಿಗೆ ಉದುರಿದ ಮಾವಿನ ಹೀಚು, ಒಂದು ಸೆರಗು ತುಂಬ.
ಇನ್ನೂ ಓಟೆ ಕಟ್ಟಿಲ್ಲ; ಈಳಿಗೆ ಮಣೆಗೆ
ಬೆಣ್ಣೆಯ ಹಾಗೆ ಕೊರೆಯುತ್ತವೆ.
ಉಪ್ಪು ಹಾಕಿಟ್ಟ ತಟ್ಟೆ ಅಡುಗೆಮನೆ ದಾಟುವ ಮೊದಲೇ ಅರ್ಧ.
ಆಲೆಮನೆ ಕಡೆಯ ಗಾಳಿ ಬೀಸಿದರೆ
ಹೊಂಗೆ ಹೂವಿಗೂ ಬೆಲ್ಲದ ವಾಸನೆ ಹತ್ತುತ್ತದೆ.

ಟೀಚರ್ ಬಂದರು. ಬುಟ್ಟಿ ತೋರಿಸಿದೆ.
ಬಯ್ಯುತ್ತಾರೆಂದುಕೊಂಡೆ; ನೆಲಕ್ಕೆ ಕೂತು
ಹಾಜರಿ ಕೂಗಿದರು: ಒಂದು, ಎರಡು, ಮೂರು, ನಾಲ್ಕು.
ಬೆಕ್ಕು ಅರೆಗಣ್ಣು ತೆರೆದು ನೋಡಿತು,
ಎದ್ದು ನಿಲ್ಲಲಿಲ್ಲ.

"ಬೇರೆ ಲೈನಿಂಗ್ ತರ್ತೀನಿ ಮೇಡಂ.
ಹೆಂಗೂ ಬಂದಿದ್ದೀರಲ್ಲ, ಅಳತೆ ಇನ್ನೊಂದ್ಸಲ..."
ಟೇಪು ಸುತ್ತಿದೆ.
ಹೋದ ಉಗಾದಿಯ ಪುಸ್ತಕದಲ್ಲಿ ಮೂವತ್ತೆಂಟು.
ಈಗ ಮೂವತ್ತನಾಲ್ಕು.
ಮತ್ತೊಮ್ಮೆ ಹಿಡಿದೆ, ಸ್ವಲ್ಪ ಸಡಿಲವಾಗಿ,
ಆದರೂ ಮೂವತ್ತನಾಲ್ಕೇ.

ಕೆಲವು ಸಂಗತಿ ಹೊಲಿಯುವವರಿಗೆ
ಮನೆಯವರಿಗಿಂತ ಮೊದಲೇ ಗೊತ್ತಾಗುತ್ತವೆ.
ಪೆನ್ಸಿಲ್ಲು ಕಿವಿಯ ಮೇಲೆ ಸಿಕ್ಕಿಸಿಕೊಂಡೆ. ಕೇಳಲಿಲ್ಲ.
ಅವರೇ, ಕಿಟಕಿಯ ಕಡೆ ನೋಡುತ್ತ:
"ಒಳಗೆ ಬಟ್ಟೆ ಬಿಟ್ಟು ಹೊಲಿಯಿರಿ.
ಆಮೇಲೆ ಬಿಚ್ಕೊಳ್ಳೋ ಹಾಗಿರಲಿ."
"ಎರಡೂ ಕಡೆ ಎರಡೆರಡು ಇಂಚು ಬಿಡ್ತೀನಿ" ಅಂದೆ.
ಅಷ್ಟೊಂದು ಯಾರೂ ಬಿಡುವುದಿಲ್ಲ.
ಅವರಿಗೂ ಗೊತ್ತು; ಲೆಕ್ಕದ ಟೀಚರ್.

ಊಟಕ್ಕೆ ಏಳಿಸಿದ್ದು ಅತ್ತೆ.
ಬಸ್ಸಾರಿನ ಘಾಟಿಗೆ ಟೀಚರ್ ಮೂಗು ಸೋರಿತು, ನಕ್ಕರು,
ಕಾಳಿನ ಪಲ್ಯ ಮತ್ತೆ ಕೇಳಿ ಹಾಕಿಸಿಕೊಂಡರು.
ಮುದ್ದೆ ಅರ್ಧ ಉಳಿಯಿತು.
ಡಿಪೋ ಹೊಸಲಿನಾಚೆ ಕೂತು
ಅದನ್ನೇ ನೋಡುತ್ತಿತ್ತು, ತಲೆಯ ಮೇಲೊಂದು ಹೂವು.

ರಾತ್ರಿ
ಮಿಷನ್ ಸದ್ದಿಗೆ ಮರಿಗಳು ಬೆಚ್ಚುತ್ತವೆಂದು
ಕೈಯಲ್ಲೇ ಹೊಲಿದೆ,
ಬಿಚ್ಚಲು ಸಲೀಸಾಗುವಂತೆ ದೂರ ದೂರದ ಹೊಲಿಗೆ.
ಹೊರಗೆ ಹೂ ಬೀಳುವುದು ಕೇಳಿಸುತ್ತದೋ ಇಲ್ಲವೋ
ಎಂದು ಆಗಾಗ ಸೂಜಿ ನಿಲ್ಲಿಸಿದೆ.

ಮಲಗುವ ಮುಂಚೆ ಖರ್ಚಿನ ಪುಸ್ತಕದಲ್ಲಿ ಬರೆದೆ:
ಹಸಿರು ಲೈನಿಂಗು, ಒಂದು ಮೀಟರ್,
ಬಾಣಂತನಕ್ಕೆ.