ಒತ್ತು

ಬಿಸಿಲೇರುವ ಮೊದಲೇ ಕತ್ತರಿಸಬೇಕು ಇದನ್ನು.
ಕೌಲ್ ಬಜಾರಿನಲ್ಲಿ ಒಂಬತ್ತಕ್ಕೆಲ್ಲ ತಗಡು ಕಾದು
ಕ್ರೋಮ್ ಹಾಳೆ ಮುನಿಸಿಕೊಳ್ಳುತ್ತದೆ.
ಎಳೆದರೆ ಮಂಕು, ಕಾಯಿಸಿದರೆ ಮಂಕು,
ಬೆರಳು ತಾಗಿದರೆ ಬೆರಳಿನದೇ ಸಾಕ್ಷಿ.
ಬಣ್ಣ ಹಾಗಲ್ಲ, ಅನ್ನುತ್ತಿದ್ದ ಅಬ್ಬಾ,
ಈ ಊರಿನ ಅರ್ಧ ಲಾರಿಗಳ ಹಣೆಬರಹ ಬರೆದವನು.
ತಪ್ಪಿದರೆ ಸೀಮೆಎಣ್ಣೆಯ ಚಿಂದಿ ಇದೆ, ಒರೆಸು, ಇನ್ನೊಮ್ಮೆ ಬರಿ.
ಅವನ ಕುಂಚಗಳು ಈಗಲೂ ಡಬ್ಬಿಯಲ್ಲಿವೆ,
ಕೂದಲು ಕಲ್ಲಾಗಿ.

ಯಂತ್ರಕ್ಕೆ ಕನ್ನಡ ಕಷ್ಟ.
ಇಂಗ್ಲಿಷಿನ ಹೆಸರನ್ನು ಗರಗರ ಮುಗಿಸಿಬಿಡುತ್ತದೆ,
ನಮ್ಮ ಅಕ್ಷರಕ್ಕೆ ಬಂದರೆ ಸುತ್ತುತ್ತದೆ, ಸುತ್ತುತ್ತದೆ,
ಮೋತಿ ಸರ್ಕಲ್ಲಿನಲ್ಲಿ ಸಿಕ್ಕ ಹೊಸ ಡ್ರೈವರನ ಹಾಗೆ.
ಆಮೇಲಿನದು ನನ್ನ ಸೂಜಿಯ ಪಾಲು:
ಮ-ದ ಹೊಟ್ಟೆಯಿಂದ, ವ-ದ ಹೊಟ್ಟೆಯಿಂದ
ಬೇಡದ್ದನ್ನು ಹೆಕ್ಕಿ ತೆಗೆಯುವುದು.
ಒಂದು ಉಪಕಾರವುಂಟು. ನಮ್ಮ ಲಿಪಿಗೆ ಮೂಲೆಗಳಿಲ್ಲ.
ಅಂಟು ಬಿಟ್ಟು ಏಳುವುದು ಯಾವಾಗಲೂ ಮೂಲೆ.

ಗಾದಿಲಿಂಗಪ್ಪ ಬಂದದ್ದು ದೀಪಾವಳಿ ಕಳೆದ ಮೇಲೆ,
ಅದಿರು ಲಾರಿ ಬಿಟ್ಟು, ಹಳೇ ಮೆಟಡೋರ್ ಕೊಂಡು
ಹೆಣ ಸಾಗಿಸುವ ಕೆಲಸಕ್ಕೆ ಇಳಿದಿದ್ದ.
"ಮುಕ್ತಿ ವಾಹನ. ಎರಡು ಮಗ್ಗಲಿಗೂ, ಹಿಂದಕ್ಕೂ.
ಕ್ರೋಮಲ್ಲೇ ಆಗ್ಬೇಕು ಮಾಬುನ್ನಿ."
ಬಿಳಿ ಸಾಕಲ್ಲ ಮಾಮಾ, ಅಂದೆ.
"ಮದಿವಿ ಕಾರು ಹೊಳೀಬೋದು, ಇದು ಹೊಳೀಬಾರ್ದೇನು?
ಇಪ್ಪತ್ತೊರ್ಸ ಮಣ್ಣು ಹೊತ್ತೆ.
ಈಗ ಮನುಷ್ಯರನ್ನ ಹೊರಾಕತ್ತೀನಿ."

ಸ್ಪಿರಿಟ್ಟಿನಲ್ಲಿ ಮೂರು ಸಲ ಒರೆಸಿದೆ.
ಎಷ್ಟು ಒರೆಸಿದರೂ ಬಳ್ಳಾರಿಯಲ್ಲಿ
ಒಂದು ಕಣ ಕೆಂಪು ಉಳಿದೇ ಉಳಿಯುತ್ತದೆ,
ಕ್ರೋಮಿನಡಿ ಅದೇ ಮೊಡವೆ.
ಪಟ್ಟಿಗೆ ಹರಕು ಜೀನ್ಸಿನ ತುಂಡು ಸುತ್ತಿ
ನಡುವಿನಿಂದ ಅಂಚಿಗೆ ಒತ್ತಿದೆ, ಒತ್ತಿದೆ.
ಟೇಪು ಬಿಚ್ಚಿದರೆ
ಮುಕ್ತಿಯೊಳಗೆ ನನ್ನ ಮೂಗು, ಎದುರಿನ ಪಂಕ್ಚರ್ ಅಂಗಡಿ,
ಹಿಟ್ಟಿನಂತೆ ಎಳೆದ ಕೋಟೆಗುಡ್ಡ.

ತಿಂಗಳ ಮೇಲೆ ಬಂದ,
ನಗಬೇಕೋ ಬೇಡವೋ ತಿಳಿಯದ ಮುಖದಲ್ಲಿ.
"ಜನ ಹಿಂದಿಂದೆ ನಡಕಂತ ಬರ್ತಾರಲ್ಲ,
ಅಳಕಂತ ಅಳಕಂತ ಅಕ್ಷರದಾಗೆ ಮುಖ ನೋಡ್ಕಂತಾರೆ.
ನಿನ್ನೆ ಒಬ್ಬ ಹುಡುಗ, ಅಪ್ಪನ ಹೆಣದ ಹಿಂದೆ,
ನಿಂತು ಕ್ರಾಪು ತಿದ್ದಿಕಂಡ."
ಕಿತ್ತು ಬಿಳಿ ಹಾಕಲೇ?
"ಬ್ಯಾಡ," ಅಂದ.
ಬೀಡಿ ಅರ್ಧಕ್ಕೆ ಬಂದ ಮೇಲೆ ಅಂದ:
"ಆಮೇಲೆ ಜೋರಾಗಿ ಅತ್ತ.
ಅದರೊಳಗೆ ಇದ್ದಿದ್ದು ಅಪ್ಪನ ಮುಖನೇ ಅಂತೆ.
ಅದಕ್ಕಲ್ಲ ನಾ ಬಂದಿದ್ದು. ಒತ್ತು ಬಿದ್ದೋಗೈತಿ."

ಹೊರಗೆ ಬಂದು ನೋಡಿದೆ. ಹಿಂಬಾಗಿಲ ಮೇಲೆ
ಮುಕಿ ವಾಹನ.
ದೊಡ್ಡಕ್ಷರಕ್ಕೆ ಮೈತುಂಬ ಅಂಟು.
ಕೆಳಗೆ ನೇತಾಡುವ ಒತ್ತಿಗೆ ಎಷ್ಟಿದ್ದೀತು ಹಿಡಿತ,
ಗುಂಡಿ ಹಾರಿದಾಗೆಲ್ಲ ಅದಕ್ಕೇ ಮೊದಲ ಏಟು.
ಹೊಸತು ಕತ್ತರಿಸಿ ಹಚ್ಚಿದೆ. ದುಡ್ಡು ಬೇಡ ಅಂದೆ.
ಇಪ್ಪತ್ತು ರೂಪಾಯಿ ಮೇಜಿನ ಮೇಲಿಟ್ಟು ಹೋದ,
ಈ ಗಾಡಿಯ ಮೇಲೆ ಬಾಕಿ ಇರಬಾರದಂತೆ.

ಮೊನ್ನೆ ರೈಲ್ವೆ ಗೇಟು ಬಿದ್ದಾಗ
ನನ್ನ ಸ್ಕೂಟಿಯ ಮುಂದೆ ಒಬ್ಬ ಪೋರನ ಸೈಕಲ್ಲು.
ಅದರ ಮಡ್‌ಗಾರ್ಡಿನ ಮೇಲೆ, ಬುಡ ಮೇಲಾಗಿ,
ಅದೇ ಒತ್ತು.
ಯಾವ ಅಕ್ಷರದ ಕೆಳಗೂ ಅಲ್ಲ.
ಏನೋ ಇದು, ಕೇಳಿದೆ.
"ಮೀನು."

ರೈಲು ದಾಟುವ ತನಕ ಆ ಮೀನಿನ ಮೈಮೇಲೆ
ಬೋಗಿ ಬೋಗಿ ಅದಿರು ಹರಿಯಿತು,
ಬೆರಳಗಲದ ನದಿ, ಕೆಂಪಗೆ.
ಬಾಲದ ತುದಿ ಚೂರು ಎದ್ದಿತ್ತು.
ಬಗ್ಗಿ, ಹೆಬ್ಬೆಟ್ಟಿನಿಂದ
ಒತ್ತಿದೆ.