ಮಡಿಕೆ

ಬಿಸಿಲಿಳಿದ ಮೇಲೆ ಕಾಫಿ ಕಣದ ಟಾರ್ಪಾಲನ್ನು
ಪೂಣಚ್ಚಜ್ಜನ ಹೊರತು ಯಾರೂ ಮುಟ್ಟುವಂತಿಲ್ಲ.
ಅಂಚಿಗೆ ಅಂಚು, ಮೊಣಕಾಲೂರಿ ಗಾಳಿ ಹೊರದೂಡಿ
ಮತ್ತೆ ಅಂಚಿಗೆ ಅಂಚು.

ವಾಯುಪಡೆಯಲ್ಲಿ ಇಪ್ಪತ್ತೆರಡು ವರ್ಷ
ಪ್ಯಾರಾಶೂಟ್ ಮಡಿಸಿದ ಕೈ.
ಹಂಟರ್, ನ್ಯಾಟ್, ಕ್ಯಾನ್‌ಬೆರಾ...
ಮೇಯಲು ಹೋದ ದನಗಳನ್ನು ಕರೆದ ಹಾಗೆ ಹೆಸರು ಹೇಳುತ್ತಾರೆ.
ಯಾವುದರ ರೆಕ್ಕೆ ಎಷ್ಟು ಬಾಗು,
ಯಾವುದು ಯಾವ ವರ್ಷ ಮೊದಲು ಹಾರಿತು, ಎಲ್ಲ ಬಾಯಿಪಾಠ;
ಮದುವೆಯಾದ ವರ್ಷ ಕೇಳಿದರೆ ಮಾತ್ರ
ಅಜ್ಜಿಯ ಮುಖ ನೋಡುತ್ತಾರೆ.

ಮಂಜು ಮುಚ್ಚಿದ ಗೋಣಿಕೊಪ್ಪದ ಮೇಲೆ
ಕಣ್ಣಿಗೆ ಕಾಣದ್ದೊಂದು ಮೊರೆಯುತ್ತ ಕಣ್ಣೂರಿನತ್ತ ಇಳಿಯುತ್ತದೆ.
"ಎಟಿಆರ್. ಪಂಕದ್ದು," ತಲೆ ಎತ್ತದೆ ಅನ್ನುತ್ತಾರೆ,
ಹಳೇ ಡೈರಿಯಲ್ಲಿ ಹೊತ್ತು ಬರೆದಿಡುತ್ತಾರೆ.

ಒಮ್ಮೆ ಕೇಳಿದೆ:
ನೀವು ಮಡಿಸಿದ್ದು ಬಿಚ್ಚಿಕೊಂಡದ್ದನ್ನು ನೋಡಿದ್ದೀರಾ?

"ನೋಡಿಲ್ಲ. ಒಂದರ ಸುದ್ದಿ ಕಾಗದದಲ್ಲಿ ಬಂತು.
ತೇಜ್‌ಪುರದಿಂದ ಒಬ್ಬ ಹುಡುಗ ಬರೆದಿದ್ದ,
ಗದ್ದೆಗೆ ಇಳಿದೆ, ಒಂದು ಬೂಟು ಹೋಯಿತು ಅಂತ.
ಮಿಕ್ಕವು ಬಿಚ್ಚದೇ ಹಿಂದೆ ಬಂದವು.
ಬಿಚ್ಚದಿರಲಿ ಅಂತಲೇ
ಅಷ್ಟು ಚೆನ್ನಾಗಿ ಮಡಿಸುತ್ತಿದ್ದೆ."

ಕೊನೆಯ ಮಡಿಕೆಯ ಮೇಲೆ ಅಂಗೈ
ಒಂದು ಗಳಿಗೆ ಹಾಗೇ ಇರುತ್ತದೆ.

ಬೆಳಿಗ್ಗೆ ನಾನು ತುದಿ ಹಿಡಿದು ಎಳೆದರೆ ಸಾಕು,
ಇಡೀ ಕಣದಗಲ
ಒಂದೇ ಉಸಿರಿಗೆ ತೆರೆದುಕೊಳ್ಳುತ್ತದೆ.