ಅರ್ಧ ಕಾಂಪೌಂಡು

ನಮ್ಮ ಕಾಂಪೌಂಡು ಮೂರು ವರಸೆಗೆ ನಿಂತಿದೆ.
ಹಾರಬೇಕಿಲ್ಲ, ಕಾಲೆತ್ತಿದರೆ ಸಾಕು.
ಶಿಡ್ಲಘಟ್ಟದ ಮೇಕೆಗಳಿಗೆಲ್ಲ ಗೊತ್ತಾಗಿದೆ,
ಕರಿಬೇವಿನ ಗಿಡ ಈಗ ಬರೀ ಕಡ್ಡಿ.

ಮೇಸ್ತ್ರಿ ರವಣಪ್ಪ ಅಡ್ವಾನ್ಸು ಎಣಿಸಿಕೊಂಡದ್ದು
ಯುಗಾದಿಗೆ ಮೊದಲು,
ಬೆರಳಿಗೆ ಎಂಜಲು ಹಚ್ಚಿ, ಎರಡು ಸಲ.
ಆಮೇಲೆ ಫೋನಿನಲ್ಲಷ್ಟೇ ಇದ್ದಾನೆ:
"ಬಂದೆ ಅಕ್ಕ, ಬಸ್ ಸ್ಟ್ಯಾಂಡ್ ಹತ್ರ ಇದೀನಿ."
ಅದೆಷ್ಟು ದೊಡ್ಡದಪ್ಪ ಆ ಬಸ್ ಸ್ಟ್ಯಾಂಡು,
ನಾಲ್ಕು ತಿಂಗಳಾದರೂ ದಾಟಿ ಮುಗಿದಿಲ್ಲ.

ಅವನ ಷಡ್ಡಕ ಸತ್ತ. ಬೈಕು ಕೆಟ್ಟಿತು.
ಷಡ್ಡಕ ಇನ್ನೊಮ್ಮೆ ಸತ್ತ.
ಕರಣೆ ಮಾತ್ರ ನಮ್ಮಲ್ಲೇ ಇದೆ,
ಒಣಸಿಮೆಂಟು ಕಚ್ಚಿಕೊಂಡು, ಒತ್ತೆಯಿಟ್ಟ ಹಾಗೆ.

ಗೂಡಿನ ಮಾರ್ಕೆಟ್ಟಿನಲ್ಲಿ ತೂಕ ಬರೆಯುವವಳು ನಾನು,
ನೂರು ಗ್ರಾಂ ಹೆಚ್ಚುಕಮ್ಮಿಗೂ ಜಗಳಕ್ಕೆ ನಿಲ್ಲುವ ಬಾಯಿ.
ಬೈಗುಳ ಜೋಡಿಸಿಟ್ಟುಕೊಂಡಿದ್ದೆ,
ಕನ್ನಡದವು ಪಾಯಕ್ಕೆ, ತೆಲುಗಿನವು ಮೇಲಕ್ಕೆ.

ನಿನ್ನೆ ಬಂದ. ಹೇಳದೆ ಕೇಳದೆ, ಬೆಳಿಗ್ಗೆ ಆರಕ್ಕೆ,
ದಾರ, ತೂಕದ ಗುಂಡು, ಜೊತೆಗೊಬ್ಬ ಹುಡುಗ.
ನಾನು ಬಾಯಿ ತೆರೆಯುವಷ್ಟರಲ್ಲಿ
ಮರಳುಗುಡ್ಡೆಗೆ ಸನಿಕೆ ಎತ್ತಿದವನು ಹಾಗೇ ನಿಂತ.
ಬೀದಿನಾಯಿ ಅಲ್ಲೇ ಗುಂಡಿ ತೋಡಿ ಐದು ಹೆತ್ತಿತ್ತು.
ಒಂದರ ಮೇಲೊಂದು, ಹಸಿ ಇಟ್ಟಿಗೆಯ ಬಣ್ಣ.

ಕುಕ್ಕರಗಾಲಲ್ಲಿ ಕೂತ. ತುಂಬ ಹೊತ್ತು ನೋಡಿದ.
"ಇನ್ನೂ ಕಣ್ಣೇ ಬಿಟ್ಟಿಲ್ವಲ್ಲಕ್ಕ," ಅಂದ.
ಹುಡುಗನಿಗೆ ದಾರ ಸುತ್ತಲು ಹೇಳಿದ.
"ಒಂದೆಂಟು ದಿನ ಬಿಟ್ಟು ಬರ್ತೀನಿ."

ಜೋಡಿಸಿಟ್ಟದ್ದರಲ್ಲಿ ಒಂದೂ ನೆನಪಾಗಲಿಲ್ಲ.
ಕಾಫಿ ಕೊಟ್ಟೆ, ಇಬ್ಬರಿಗೂ.
ಹೋಗುವಾಗ
ಕರಣೆ ತಗೊಂಡು ಹೋದ.